ಎರಡು ಪಟ್ಟಿ ಕಟ್ಟಿದ ಮರ

ಮೊಲಲಾತೌ
ಭಾನುವಾರ, 16 ಜನವರಿ 1994

ಪ್ರೀತಿಯ ತೆಬಾತ್ಸೊ,

ಹೇಗಿದ್ದೀಯ ಮಗಳೇ? ರಾತ್ರಿ ಪಾಳಿ ಮುಗಿಸಿ ಬಂದರೆ ಕಾಲು ಊದಿಕೊಳ್ಳುತ್ತದೆ ಎಂದು ಬರೆದಿದ್ದೆ, ಈಗ ವಾಸಿಯೇ? ನರ್ಸಮ್ಮನಿಗೆ ಔಷಧಿ ಹೇಳುವಷ್ಟು ದೊಡ್ಡವನಲ್ಲ ನಾನು, ಆದರೂ ಬೆಚ್ಚಗಿನ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಕಾಲಿಟ್ಟುಕೊಂಡು ಕೂರು. ನೀನಿರುವ ಘಾಂಜಿಯ ನೀರೇ ಉಪ್ಪು ಎಂದು ಹೇಳುತ್ತಿದ್ದೆಯಲ್ಲ, ಹಾಗಿದ್ದರೆ ಬರೀ ಬಿಸಿ ಮಾಡಿದರೂ ಸಾಕು. ನನ್ನ ಮಂಡಿ ಎಂದಿನಂತೆ ಮಳೆ ಬರುವುದನ್ನು ಮೊದಲೇ ಹೇಳುತ್ತದೆ, ಬೇರೆ ಯಾವ ಉಪಯೋಗಕ್ಕೂ ಇಲ್ಲ. ಕಪ್ಪು ಮೇಕೆ ಅವಳಿ ಹಾಕಿದೆ. ಪಕ್ಕದ ಮನೆಯ ಮ್ಮಾ ಒತೆಂಗ್ ಹಲ್ಲು ನಾಲ್ಕೇ ಉಳಿದಿದ್ದರೂ ಊರಿಗೆಲ್ಲ ಬುದ್ಧಿ ಹೇಳುವುದನ್ನು ಬಿಟ್ಟಿಲ್ಲ. ನಿನ್ನನ್ನು ದಿನಾ ಕೇಳುತ್ತಾಳೆ.

ನಿನ್ನ ಕಾಗದ ಬಂತು. ಓದಿದೆ, ಮಡಿಸಿಟ್ಟೆ, ಮತ್ತೆ ತೆಗೆದು ಓದಿದೆ. ‘ಮಾವ’ ಎಂಬ ಮಾತು ಅದರ ತಲೆಯಲ್ಲೊಮ್ಮೆ, ಬಾಲದಲ್ಲೊಮ್ಮೆ ಇದೆ. ನಡುವೆ ಇರುವುದೆಲ್ಲ ‘ಅಪ್ಪ’. ಮಳೆಗಾಲಕ್ಕೆ ಮೊದಲು ಅಪ್ಪ ಆಸ್ಪತ್ರೆಗೆ ಹುಡುಕಿಕೊಂಡು ಬಂದಿದ್ದ, ಅಪ್ಪ ಎಷ್ಟು ತೆಳ್ಳಗಾಗಿದ್ದಾನೆ, ಅಪ್ಪ ನಗುವಾಗ ಕಣ್ಣು ಮುಚ್ಚುತ್ತಾನೆ, ಅಪ್ಪನ ಹಸುಗಳನ್ನು ಬೇಡ ಅನ್ನಬೇಡ. ಇರಲಿ. ನಿನಗೆ ಅಪ್ಪ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಬರೆಯಲು ಹೊರಟಿದ್ದೆ, ಆದರೆ ಸುಳ್ಳು ಬರೆದರೆ ಅಕ್ಷರ ಇನ್ನೂ ಸೊಟ್ಟಗಾಗುತ್ತದೆ. ಹಸುಗಳ ವಿಷಯ ಆಮೇಲೆ ಬರೆಯುತ್ತೇನೆ. ರಜೆ ಸಿಗದೆ ಈ ಸಲದ ಫಾನೆ ಹುಳುವಿನ ಸುಗ್ಗಿ ತಪ್ಪಿತಲ್ಲ ಎಂದು ನೊಂದುಕೊಂಡಿದ್ದೀಯ, ಅದನ್ನು ಮೊದಲು ಹೇಳಿಬಿಡುತ್ತೇನೆ. ಎರಡೂ ಒಂದಕ್ಕೊಂದು ಸುತ್ತಿಕೊಂಡಿವೆ, ಬಿಡಿಸುವುದು ಕಷ್ಟ.

ನವೆಂಬರಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಫಾನೆಯ ಪತಂಗಗಳು ಮಣ್ಣಿನಿಂದ ಎದ್ದವು. ಈ ವರ್ಷ ಎಂಥ ಪತಂಗಗಳು ಅಂತೀಯ! ಅಂಗೈಯಗಲ ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಕಿತ್ತಳೆ ಬಣ್ಣದ ಕಣ್ಣು, ಸುತ್ತ ಕಾಡಿಗೆ ಹಚ್ಚಿದ ಹಾಗೆ. ನೆಲದಿಂದ ಹೊರಬಂದಾಗ ಹಿಂಡಿ ಬಿಸಾಕಿದ ಬಟ್ಟೆಯಂತೆ ಮುದುಡಿಕೊಂಡು ತೆವಳುತ್ತವೆ. ಹತ್ತಿರದ ಕಡ್ಡಿಗೋ ಬೇಲಿಗೋ ಹತ್ತಿ ಜೋತುಬೀಳುತ್ತವೆ. ಒಳಗಿನ ನೀರನ್ನು ರೆಕ್ಕೆಯ ನರನರಕ್ಕೂ ನೂಕಿ ನೂಕಿ ಅರಳಿಸಿಕೊಳ್ಳುತ್ತವೆ. ನೀನು ಚಿಕ್ಕವಳಿದ್ದಾಗ ಬೇಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, “ಮಾವ, ಇದಕ್ಕೆ ಬಾಯೇ ಇಲ್ವಲ್ಲ, ಊಟ ಹೆಂಗ್ ಮಾಡತ್ತೆ?” ಎಂದು ಪ್ರಾಣ ತಿಂದಿದ್ದೆ. ಊಟ ಮಾಡುವುದಿಲ್ಲ, ಹುಳುವಾಗಿದ್ದಾಗ ತಿಂದದ್ದೇ ಕೊನೆ, ಅದರ ಮೇಲೇ ಎರಡು ಮೂರು ದಿನ ಹಾರಿ ಮೊಟ್ಟೆಯಿಟ್ಟು ಸಾಯುತ್ತದೆ ಎಂದಾಗ ನೀನು ಅತ್ತು, ನಿನ್ನ ಮುದ್ದೆಯ ಚೂರನ್ನು ಪತಂಗದ ಮುಂದೆ ಇಟ್ಟು ಬಂದಿದ್ದೆ.

ಹೆಣ್ಣು ಎಲ್ಲಿಗೂ ಹೋಗುವುದಿಲ್ಲ. ಎದ್ದ ಜಾಗದಲ್ಲೇ ರೆಂಬೆಗೆ ಅಂಟಿಕೊಂಡು ಗಾಳಿಗೆ ತನ್ನ ವಾಸನೆ ಬಿಟ್ಟು ಕೂರುತ್ತಾಳೆ. ನಮ್ಮ ಮೂಗಿಗೆ ಅದು ಹತ್ತದು. ಗಂಡಿಗೆ ಮಾತ್ರ ತಲೆಯ ಮೇಲೆ ಹಕ್ಕಿಯ ಗರಿಯಂಥ ಎರಡು ಮೀಸೆಗಳಿವೆ. ಎಲ್ಲೆಲ್ಲಿಂದಲೋ ಆ ವಾಸನೆ ಹಿಡಿದು ಬರುತ್ತಾನೆ, ಒಂದು ಇರುಳು ಇರುತ್ತಾನೆ, ಹೋಗುತ್ತಾನೆ. ಮೊಟ್ಟೆಯನ್ನೂ ನೋಡುವುದಿಲ್ಲ, ಮರಿಯನ್ನೂ ನೋಡುವುದಿಲ್ಲ. ಯಾರನ್ನು ನೆನೆಸಿಕೊಂಡು ಬರೆದೆ ಎಂದು ನಿನಗೆ ಗೊತ್ತು. ಸೆಲೆಬಿ ಫಿಕ್ವೆಯ ಗಣಿಯಲ್ಲಿ ಕೆಲಸಕ್ಕಿದ್ದಾಗ ನನ್ನ ತಂಗಿ ಬೊನೊಲೊಳ ಕೈ ಹಿಡಿದವನು, ಅವಳಿಗೆ ತಿಂಗಳು ತುಂಬುವ ಮೊದಲೇ ಜೋಹಾನ್ಸ್‌ಬರ್ಗಿನ ರೈಲು ಹತ್ತಿದ. ನೀನು ಹುಟ್ಟಿದೆ, ನಡೆದೆ, ಮಾತಾಡಿದೆ. ನಿನಗೆ ನಾಲ್ಕು ತುಂಬುವಾಗ ಬೊನೊಲೊ ಮಣ್ಣಾದಳು. ಅವನಿಂದ ಒಂದು ಸಾಲೂ ಬರಲಿಲ್ಲ.

ಪತಂಗ ಎದ್ದ ವಾರವೇ ಬಂದ ನೋಡು, ನಿನ್ನಪ್ಪ ಮೊಗೊರೋಸಿ! ಬಸ್ಸಿನಿಂದ ಇಳಿದವನ ತಲೆ ಮೇಲೆ ಹ್ಯಾಟು, ಹೆಗಲ ಮೇಲೆ ಕಂಬಳಿ. ಅಂಗಳದ ಬಾಗಿಲಲ್ಲಿ ನಿಂತು ಹ್ಯಾಟು ತೆಗೆದು, “ಚೆನ್ನಾಗಿದ್ದೀಯಾ ಭಾವ?” ಅಂದ. ನಾನೂ ಬಿಡಲಿಲ್ಲ. “ಭಾವ ಅನ್ಬೇಕಾದ್ರೆ ನಮ್ ದೊಡ್ಡೀಲಿ ನಿನ್ ಹಸು ಇರ್ಬೇಕಪ್ಪ, ಒಂದೂ ಕಾಣ್ತಿಲ್ವಲ್ಲ,” ಅಂದೆ. ತಲೆ ತಗ್ಗಿಸಿ, “ಅದಕ್ಕೇ ಬಂದಿರೋದು ಭಾವ,” ಅಂದ. ಅವಮಾನ ಮಾಡಿದರೂ ಭಾವ ಅನ್ನುವವನನ್ನು ಏನು ಮಾಡುವುದು ಹೇಳು?

ಆಸ್ಪತ್ರೆಯ ಹುಡುಗಿಯರ ನಡುವೆ ಇದ್ದು ನಮ್ಮ ಕಟ್ಟಳೆ ಮರೆತಿರಬಹುದು, ಬಿಡಿಸಿಯೇ ಹೇಳುತ್ತೇನೆ. ಅವನು ಬೊನೊಲೊಳಿಗಾಗಿ ಹೆಣ್ಣಿನ ಮನೆಗೆ ಸಲ್ಲಬೇಕಾದ ತೆರದ ಹಸು ಕೊಟ್ಟಿರಲಿಲ್ಲ. ಕೊಡದ ಕಾರಣ ಅವಳು ಅವನ ಹೆಂಡತಿ ಆಗಲಿಲ್ಲ, ನೀನು ಅವನ ಮಗಳಾಗಲಿಲ್ಲ. ನಮ್ಮ ಮನೆಯವಳಾದೆ, ನನ್ನ ಹೆಸರು ಹೊತ್ತೆ. ಆದರೆ ತೆರಕ್ಕೆ ಹೊತ್ತು ಮೀರುವುದೆಂಬುದಿಲ್ಲ. ಸತ್ತವಳಿಗೂ ಅದು ಸಲ್ಲುತ್ತದೆ. ಈಗ ಅವನ ಹಸು ನನ್ನ ದೊಡ್ಡಿಗೆ ಬಂದರೆ ಬೊನೊಲೊ ಮಣ್ಣಿನೊಳಗೇ ಅವನ ಹೆಂಡತಿಯಾಗುತ್ತಾಳೆ, ನೀನು ಅವನ ಮಗಳಾಗುತ್ತೀಯ. ಈಸ್ಟರ್ ಕಳೆದು ನಿನ್ನನ್ನು ಕೇಳಲು ಗಂಡಿನ ಕಡೆಯವರು ಬಂದಾಗ ಮಾತು ಕೊಡುವವನು ಅವನು, ನಿನ್ನ ತೆರ ಹಿಡಿಯುವವನು ಅವನು, ಕುರ್ಚಿಯ ಮೇಲೆ ಕೂರುವವನು ಅವನು. ನಾನು ಸೋದರಮಾವ, ಪಕ್ಕದಲ್ಲಿರುತ್ತೇನೆ. ಪಕ್ಕದಲ್ಲಿ. ನಿನ್ನ ಹಾಲುಹಲ್ಲು ಬಿದ್ದಾಗ ಅದನ್ನು ಸೂರಿನ ಮೇಲೆ ಎಸೆದವನು ನಾನು, ದಡಾರವಾದಾಗ ಆಸ್ಪತ್ರೆಗೆಂದು ಬೊಬೊನೊಂಗಿನವರೆಗೆ ಬೆನ್ನ ಮೇಲೆ ಹೊತ್ತು ನಡೆದವನು ನಾನು.

ಆದ್ದರಿಂದ ಅವನಿಗೆ ಒಂದೇ ಮಾತು ಹೇಳಿದೆ: “ಫಾನೆ ಮಣ್ಣಿಗಿಳಿಯೋ ತನಕ ಈ ಊರಲ್ಲಿ ಯಾರೂ ಮದುವೆ ಮಾತು ಎತ್ತಲ್ಲ. ಅಲ್ಲಿಗಂಟ ಕಾಯೋದಾದ್ರೆ ಕಾಯಿ.” ದಕ್ಷಿಣದ ಕಾನ್ಯೆಯವನು, ಅವನ ಊರಲ್ಲಿ ಮೊಪಾನೆ ಮರವೂ ಇಲ್ಲ, ಅದರ ಎಲೆ ಮೇಯುವ ಫಾನೆಯೂ ಇಲ್ಲ, ವಾರದಲ್ಲಿ ಬೇಸತ್ತು ಓಡುತ್ತಾನೆ ಎಂದುಕೊಂಡೆ. ಓಡಲಿಲ್ಲ. ಹಿತ್ತಲ ಗುಡಿಸಲಲ್ಲಿ ಮಲಗಿದ, ಸೂರಿನ ಹುಲ್ಲು ಸರಿಮಾಡಿದ, ಮ್ಮಾ ಒತೆಂಗಳ ಬಾವಿಯ ರಾಟೆಗೆ ಎಣ್ಣೆ ಹಾಕಿದ. ಹೋದ ವರ್ಷದ ಒಣಫಾನೆಯನ್ನು ಮುದ್ದೆಯ ಜೊತೆ ಮುಂದಿಟ್ಟರೆ ಮೊದಲ ದಿನ ಮುಟ್ಟಲಿಲ್ಲ. ನನಗೆ ಒಳಗೊಳಗೇ ಹಬ್ಬ. ಎರಡನೆಯ ದಿನ ಕಣ್ಣು ಮುಚ್ಚಿ ನುಂಗಿದ. ಮೂರನೆಯ ದಿನ, “ಇನ್ನಷ್ಟಿದ್ಯಾ?” ಅಂದ. ಮ್ಮಾ ಒತೆಂಗ್ ಚಪ್ಪಾಳೆ ತಟ್ಟಿ ನಕ್ಕಳು: “ನೋಡೋ ಮೊತ್ಸುಮಿ, ನಿನ್ ತಂಗಿ ಗಂಡ ಪಳಗಿಬಿಟ್ಟ!” ತಂಗಿಯ ಗಂಡನಂತೆ! ಯಾವ ಹಸುವಿನ ಲೆಕ್ಕದಲ್ಲಿ?

ಮೊಟ್ಟೆ ಹುಡುಕಲು ಹೊರಟಾಗ ಹಿಂದೆಯೇ ಬಂದ. ಗೊರಸಿನಂತೆ ಎರಡಾಗಿ ಸೀಳಿದ ಎಲೆಯ ಕೆಳಗೆ, ಎಳೆ ರೆಂಬೆಯ ಸುತ್ತ, ಜೋಳದ ನುಚ್ಚು ಅಂಟಿಸಿದ ಹಾಗೆ ಕೂತಿರುತ್ತವಲ್ಲ, ತೋರಿಸದಿದ್ದರೆ ಅವನಿಗೇನು ಕಾಣುತ್ತದೆ? ನಾನು ತೋರಿಸಿದೆ. ತೋರಿಸುವುದೆಂದರೆ ನನಗೆ ಆಸೆ, ಅದು ನಿನಗೆ ಗೊತ್ತಿರುವುದೇ. ಕೆಲವು ಮೊಟ್ಟೆಗಳಲ್ಲಿ ಸೂಜಿಮೊನೆಯಷ್ಟು ತೂತು. ಚಿಕ್ಕ ಕಣಜವೊಂದು ಫಾನೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ, ಕೊನೆಗೆ ಹುಳುವಿನ ಬದಲು ಕಣಜವೇ ಹೊರಗೆ ಬರುತ್ತದೆ ಎಂದೆ. ಚುಚ್ಚಲೆಂದೇ ಸೇರಿಸಿದೆ: “ಹಂಗೇ ಕೆಲವರು ಇರ್ತಾರೆ, ಇನ್ನೊಬ್ಬರ ಮನೇಲಿ ಮೊಟ್ಟೆ ಇಟ್ಬಿಟ್ಟು ಹೋಗೋರು.” ಅವನು ಆ ತೂತನ್ನು ಬೆರಳಿನಿಂದ ಸವರಿ, “ಕಣಜ ವಾಪಸ್ ಬರಲ್ಲ ಅಲ್ವಾ ಭಾವ?” ಅಂದ. ಆ ದಿನವೆಲ್ಲ ಉತ್ತರ ಹುಡುಕಿದೆ.

ಹಳ್ಳದ ದಂಡೆಯ ಆ ಕವಲು ಮರವನ್ನು ಈ ವರ್ಷವೂ ನಿನ್ನ ಹೆಸರಲ್ಲಿ ಕಟ್ಟಿದೆ. ಮೊಟ್ಟೆ ಕಂಡ ಮರದ ಬೊಡ್ಡೆಗೆ ಮೊದಲು ತೊಗಟೆಪಟ್ಟಿ ಕಟ್ಟಿದವರಿಗೇ ಅದರ ಹುಳು, ಇದನ್ನು ಈ ಸೀಮೆಯಲ್ಲಿ ಹಾಲು ಕುಡಿಯುವ ಮಗುವೂ ಬಲ್ಲದು. ನೀನು ತೊಟ್ಟಿಲಲ್ಲಿದ್ದಾಗಿನಿಂದ ಆ ಮರ ನಿನ್ನದು, ಪಟ್ಟಿ ನನ್ನದು. ನಾಲ್ಕು ದಿನ ಬಿಟ್ಟು ಹೋಗಿ ನೋಡಿದರೆ ನನ್ನ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ! ಹೊಸ ತೊಗಟೆ, ಅಗಲವಾಗಿ ಸುಲಿದದ್ದು, ಕಾನ್ಯೆಯವರು ದನಕ್ಕೆ ಹಾಕುವ ಗಂಟು. ಕೇಳಿದರೆ, “ನಮ್ ತೆಬಾ ಮರ ಇದು ಅಂತ ಮ್ಮಾ ಒತೆಂಗ್ ಹೇಳಿದ್ಲು. ನಾನೂ ಒಂದು ಕಟ್ದೆ. ತಪ್ಪಾ?” ಅಂತಾನೆ. ಮರುದಿನ ನೀರಿಗೆ ಬಂದ ಹೆಂಗಸರೆಲ್ಲ ಅಲ್ಲಿ ನಿಂತು ನಗುವುದೇ ನಗುವುದು. “ಏನ್ ಮೊತ್ಸುಮಿ, ಮರಕ್ಕೆ ಎರಡೆರಡು ಸೊಂಟಪಟ್ಟಿ? ಚಡ್ಡಿ ಜಾರತ್ತೆ ಅಂತಲಾ?” ಎಂದು ಒಬ್ಬಳು. “ಅಲ್ಲ ಕಣೇ, ಒಂದು ಮದುವೆಗೆ ಇಬ್ಬರು ಅಪ್ಪಂದಿರು,” ಎಂದು ಇನ್ನೊಬ್ಬಳು. ನಾನು ಅವನ ಪಟ್ಟಿ ಬಿಚ್ಚಲಿಲ್ಲ. ಬಿಚ್ಚಿದರೆ ಹೊಟ್ಟೆಕಿಚ್ಚಿನವನು ಅನ್ನುತ್ತಾರೆ. ನನ್ನದರ ಗಂಟನ್ನು ಮಾತ್ರ ಇನ್ನಷ್ಟು ಬಿಗಿದೆ.

ಮೊಟ್ಟೆ ಒಡೆಯಿತು. ಸಾಸಿವೆಯಷ್ಟು ಕಪ್ಪು ಮರಿಗಳು, ಮೈಗೆ ಮೈ ಒತ್ತಿ ಒಂದೇ ಎಲೆಯಲ್ಲಿ ಸಾಲಾಗಿ ಮೇಯುವವು, ತಿಂದು ಮೈ ತುಂಬಿದಾಗ ತಿನ್ನುವುದು ಬಿಟ್ಟು ಅಲ್ಲಾಡದೆ ನಿಲ್ಲುವವು, ಹಳೆ ಚರ್ಮವನ್ನು ಹರಿದ ಕಾಲ್ಚೀಲದಂತೆ ಹಿಂದಕ್ಕೆ ಜಾರಿಸಿ ಹೊಸ ಮೈಯಲ್ಲಿ ಮತ್ತೆ ಮೇಯುವವು. ಎರಡು ಸಲ ಚರ್ಮ ಬಿಡುವವರೆಗೆ ಅಣ್ಣತಮ್ಮಂದಿರು, ಆಮೇಲೆ ನಿನ್ನ ರೆಂಬೆ ನಿನಗೆ ನನ್ನ ರೆಂಬೆ ನನಗೆ. ಡಿಸೆಂಬರ್ ಕೊನೆಗೆ ಬೆರಳಿಗಿಂತ ದಪ್ಪ, ಮೈಮೇಲೆ ಕೆಂಪು ಹಳದಿ ಚುಕ್ಕೆ, ಕಪ್ಪು ಮುಳ್ಳು. ಮರದ ಕೆಳಗೆ ನಿಂತರೆ ಹಿಕ್ಕೆ ಉದುರುವ ಸದ್ದು ಸೋನೆಮಳೆಯಂತೆ. ನಿನ್ನಪ್ಪ ದಿನಾ ಬೆಳಿಗ್ಗೆ ಹೋಗಿ ಆ ಸದ್ದಿಗೆ ಹ್ಯಾಟು ಒಡ್ಡಿ ನಿಲ್ಲುತ್ತಿದ್ದ. ನಿನ್ನ ಮದುವೆಯೂಟಕ್ಕೆ ಅವನ ಕೈಯಾರೆ ಬಿಡಿಸಿದ ಒಂದು ಚೀಲ ಫಾನೆ ಇರಬೇಕಂತೆ, ಹಾಗೆಂದು ಮ್ಮಾ ಒತೆಂಗಳ ಹತ್ತಿರ ಹೇಳಿಕೊಂಡಿದ್ದ.

ಅದು ಕಿವಿಗೆ ಬಿದ್ದ ಮೇಲೆ ನನಗೆ ನಿದ್ದೆ ಎಲ್ಲಿಯದು? ಬಿಡಿಸುವ ದಿನ ಕೋಳಿ ಕೂಗುವ ಮೊದಲೇ ಎದ್ದು ಹೋಗಿ ಎಲೆ ಮೇದು ಮುಗಿಸಿದ್ದ ಹುಳುಗಳನ್ನು ಕಿತ್ತು ನಿನ್ನ ಮರವನ್ನು ಬೋಳಿಸಿದೆ. ಕೈಗೆಟಕಿದ ಒಂದು ರೆಂಬೆಯನ್ನೂ ಬಿಡಲಿಲ್ಲ. ಹಿಂಡಿ ಕರುಳು ತೆಗೆದು, ಕೈಯೆಲ್ಲ ಹಸಿರಾಗಿ, ಬೆರಳೆಲ್ಲ ಮುಳ್ಳು ಚುಚ್ಚಿ, ಬಿಸಿಲೇರುವ ಹೊತ್ತಿಗೆ ಮೂರು ಬಕೆಟ್ಟು ತಂದು ಉಪ್ಪುನೀರಿನ ಹಂಡೆಗೆ ಸುರಿದಿದ್ದೆ. ಅವನೆದ್ದು ಖಾಲಿ ಬಕೆಟ್ ಹಿಡಿದು ಹೊರಟಾಗ, ಬೂದಿ ಕೆದಕುತ್ತ ತಲೆ ಎತ್ತದೆ ಕೂತಿದ್ದೆ. ಮರ ಬೋಳಾಗಿರುವುದನ್ನು ಕಂಡು ಸಪ್ಪಗೆ ವಾಪಸ್ಸು ಬರುತ್ತಾನೆ ಎಂದು ಕಾದೆ. ಬರಲಿಲ್ಲ. ಬಂದದ್ದು ಮ್ಮಾ ಒತೆಂಗಳ ಕೂಗು.

ಓಡಿದೆ. ಬೋಳು ಮರ ಕಂಡು ಅವನು ಕೆಳಗೆ ನೋಡಿದ್ದಾನೆ. ಬೊಡ್ಡೆಯ ಮೇಲೆ ತಲೆ ಕೆಳಗಾಗಿ ಸಾಲುಗಟ್ಟಿ ಇಳಿಯುತ್ತಿದ್ದವಲ್ಲ, ಮೇವು ಮುಗಿಸಿ ಹೊಟ್ಟೆ ಖಾಲಿ ಮಾಡಿಕೊಂಡು ಮಣ್ಣು ಸೇರಲು ಹೊರಟವು, ಅವನ್ನೆಲ್ಲ ಆಯ್ದು ಬಕೆಟ್ಟಿಗೆ ತುಂಬಿದ್ದಾನೆ! ಅಷ್ಟೇ ಅಲ್ಲ, ಆಗಲೇ ನೆಲದೊಳಗೆ ಹೋದವನ್ನು ಬೆರಳಿನಿಂದ ಕೆದಕಿ ಹೊರಗೆಳೆಯುತ್ತಿದ್ದಾನೆ. ಇಳಿಯುವ ಹುಳು ಯಾರದೂ ಅಲ್ಲ, ಅದು ಮಣ್ಣಿನದು, ಮುಂದಿನ ಬೆಳೆಯ ಬೀಜ. ಅದನ್ನು ಮುಟ್ಟುವುದೆಂದರೆ! ಮ್ಮಾ ಒತೆಂಗ್ ಕೋಲು ಬೀಸುತ್ತ, “ಲೋ, ಲೋ! ಬಸುರಿ ಹೊಟ್ಟೆಗೆ ಕೈ ಹಾಕ್ತೀಯಲ್ಲೋ ನಿನ್ ಮನೆ ಕಾಯ! ಯಾವ್ ಸೀಮೆಯೋನೋ ನೀನು!” ಎಂದು ಅರಚುತ್ತಿದ್ದಳು. ಹೆಂಗಸರೆಲ್ಲ ಸೇರಿದರು. ಅವನು ಮೊಣಕಾಲೂರಿ ಕೂತು, ಹ್ಯಾಟು ತೆಗೆದು, “ಸುಲಭವಾಗಿ ಸಿಗ್ತಿದ್ವು ತಾಯಿ, ನಮ್ ಅದೃಷ್ಟ ಅನ್ಕೊಂಡೆ,” ಅಂದ. ನಗು ಎಲ್ಲಿಂದ ಎದ್ದಿತೋ! ಮುದುಕಿಯ ಕೋಲೂ ಕೆಳಗಿಳಿಯಿತು. ನನಗೆ ಮಾತ್ರ ಒಳಗೆ ತಂಪಾಗಿತ್ತು. ಸಾಕ್ಷಿಸಮೇತ ಸಿಕ್ಕಿಬಿದ್ದ, ಇಂಥವನಿಗೆ ಮಗಳಂತೆ, ಮದುವೆಯಂತೆ.

ಇದಕ್ಕಿರುವ ಶಿಕ್ಷೆ ಹಳೆಯದು. ತೆಗೆದವನೇ ಎಲ್ಲರೆದುರು ವಾಪಸ್ಸು ಹುಗಿಯಬೇಕು. ಕಡ್ಡಿ ಹಿಡಿದು ನೆಲ ಸಡಿಲಿಸಿ ಮೊದಲ ಹುಳುವನ್ನು ಕೈಗೆತ್ತಿಕೊಂಡವನು, “ತಾಯಿ, ತಲೆ ಯಾವ ಕಡೆಗಿಡ್ಬೇಕು?” ಎಂದು ಕೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ತಿಂದಿದ್ದೇವೆ, ಹುಗಿದು ಯಾರಿಗೆ ಗೊತ್ತು? ಕೊನೆಗೆ ಮ್ಮಾ ಒತೆಂಗ್, “ಅದರ ಮನೆ ದಾರಿ ಅದಕ್ಕೆ ಗೊತ್ತು, ನೀನು ಕೈ ಬಿಡು ಸಾಕು,” ಅಂದಳು. ಮೆಲ್ಲಗೆ ನೆಲಕ್ಕಿಟ್ಟ. ಹುಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆಯಿಂದ ಮಣ್ಣು ನೂಕಿ ಒಳಗೆ ಹೋಯಿತು.

ಹೆಂಗಸರು ನಕ್ಕು ದಣಿದು ಹಂಡೆಗಳ ಕಡೆ ಹೋದರು. ಅವನು ಹೋಗಲಿಲ್ಲ. ಗಿನಿಕೋಳಿಗಳು ಹೆಕ್ಕಲು ಬರುತ್ತವೆಂದು ಅಲ್ಲೇ ಬೋಳು ಮರದ ಕೆಳಗೆ, ನೆರಳೂ ಇಲ್ಲದೆ, ಹ್ಯಾಟಿನಿಂದ ಅವನ್ನು ಅಟ್ಟುತ್ತ ಕೂತ. ಸಂಜೆ ಮೇಕೆ ಹೊಡೆದುಕೊಂಡು ಬರುವಾಗ ನೋಡುತ್ತೇನೆ, ಇನ್ನೂ ಅಲ್ಲೇ ಇದ್ದಾನೆ, ಕೊನೆಯ ಹುಳುವಿಗೆ ಬಾಲವಷ್ಟೇ ಹೊರಗಿತ್ತು. ಎಡಗಾಲನ್ನು ತೊಡೆಯ ಕೆಳಗೆ ಮಡಚಿ, ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು, ತುಟಿ ಚೂಪು ಮಾಡಿ ಸದ್ದಿಲ್ಲದ ಸೀಟಿ ಊದುತ್ತ. ತೆಬಾ, ನೀನು ಕಾಯಿಲೆಯ ಮೇಕೆಮರಿಯ ಹತ್ತಿರ ಕೂರುತ್ತಿದ್ದದ್ದು ಹೀಗೆಯೇ. ಆ ಹೆಬ್ಬೆರಳು, ಆ ಸೀಟಿ. ನನ್ನಿಂದ ಕಲಿತದ್ದು ಎಂದುಕೊಂಡಿದ್ದೆ ನಾನು, ಊರಿಗೆಲ್ಲ ಹಾಗೇ ಹೇಳಿಕೊಂಡು ತಿರುಗಿದ್ದೆ. ಅವನು ನಿನ್ನನ್ನು ಎತ್ತಿ ಆಡಿಸಿದವನಲ್ಲ, ಕಲಿಸಿದವನಲ್ಲ, ಆದರೂ ಅವನದೇ. ಅವನಿಗೆ ಹಸು ಇದೆ ಎಂದಾಗಲೂ ಇಷ್ಟು ಉರಿದಿರಲಿಲ್ಲ ನನಗೆ.

ಚಿಕ್ಕಂದಿನಲ್ಲಿ ಒಮ್ಮೆ ಮಣ್ಣಿನಿಂದ ಕಂದು ಬೀಜದಂಥ ಕೋಶವೊಂದನ್ನು ತೆಗೆದು ಸೀಳಿ ನೋಡಿದ್ದೆ. ಒಳಗೆ ಹುಳುವೂ ಇರಲಿಲ್ಲ, ಪತಂಗವೂ ಇರಲಿಲ್ಲ, ಬರೀ ಗಂಜಿ. ಹುಳು ತನ್ನನ್ನೇ ಕರಗಿಸಿಕೊಂಡು ಕೂತಿರುತ್ತದೆ, ಕೆಲವು ಒಣಕಾಲ ಪೂರ್ತಿ ಹಾಗೇ ಇರುತ್ತವೆ, ಮೇಲೆ ನಡೆಯುವವರಿಗೆ ಏನೂ ತಿಳಿಯುವುದಿಲ್ಲ. ಅವನೂ ಎಲ್ಲೋ ಹಾಗಿದ್ದನೋ ಏನೋ. ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಆದರೆ ಒಂದು ಮಾತು, ಅವನು ಮತ್ತೆ ಅಲ್ಲಿಗೆ ಬಂದಾಗ ಇದನ್ನು ಅವನಿಗೂ ಓದಿ ಹೇಳು ಬೇಕಾದರೆ. ಪತಂಗಕ್ಕೆ ಗರಿಮೀಸೆ ತಂದೆಯದಿರಬಹುದು, ರೆಕ್ಕೆಯ ಮೇಲಿನ ಕಣ್ಣೂ ಅವನದೇ ಇರಬಹುದು. ಹಾರುವ ಶಕ್ತಿ ಮಾತ್ರ ಹುಳುವಾಗಿದ್ದಾಗ ತಿಂದ ಎಲೆಯದು. ನೀನು ತಿಂದದ್ದು ಈ ಅಂಗಳದ ಮುದ್ದೆ. ಹೆಸರು ಯಾರದಾದರೂ ಬರೆದುಕೊಳ್ಳಲಿ.

ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಚೀಲ ಒಣಫಾನೆ ಕಳಿಸುತ್ತಿದ್ದೇನೆ, ಜೊತೆಯ ನರ್ಸುಗಳಿಗೂ ಕೊಡು, ಮೂಗು ಮುರಿಯುವವರಿಗೆ ಎರಡು ಸಲ ಕೊಡು. ಕಾಲಿನ ಉಪ್ಪುನೀರು ಮರೆಯಬೇಡ. ಮ್ಮಾ ಒತೆಂಗ್ ತನ್ನ ನಾಲ್ಕು ಹಲ್ಲಿನಿಂದ ನಿನ್ನನ್ನು ಹರಸುತ್ತಾಳೆ. ನಮ್ಮ ಹಿರಿಯರು, ನಿನ್ನ ತಾಯಿ, ನಿನ್ನ ದಾರಿಯ ಮೇಲೆ ಮಳೆ ಸುರಿಸಲಿ.

ನಿನ್ನ ಮಾವ,
ಮೊತ್ಸುಮಿ

ಮರೆತೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಹಸುಗಳು ಬಂದವು. ದೊಡ್ಡಿಯ ಅಡ್ಡಗೋಲನ್ನು ನಾನೇ ಸರಿಸಿ ಒಳಗೆ ಬಿಟ್ಟೆ. ಬೊನೊಲೊ ಅವನ ಹೆಂಡತಿ, ನೀನು ಅವನ ಮಗಳು, ಮುಗಿಯಿತು. ಗಂಡಿನ ಕಡೆಯವರು ಬಂದು “ಹುಡುಗಿ ಯಾರ ಮಗಳು?” ಎಂದು ಕೇಳಿದಾಗ ಅವನು ಎದ್ದು “ನನ್ನ ಮಗಳು” ಅನ್ನುತ್ತಾನೆ. ಆಗ ಪಕ್ಕದಲ್ಲಿ ಕೂತ ನನಗೆ ಒಂದು ಕೆಮ್ಮು ಬರುತ್ತದೆ. ಯಾರಿಗೂ ಏನೂ ಅನ್ನಿಸುವುದಿಲ್ಲ, ಮುದುಕನ ಕೆಮ್ಮು. ನೀನು ಒಳಗೆ ಹೆಂಗಸರ ನಡುವೆ ಕೂತಿರುತ್ತೀಯ, ಗೋಡೆ ತೆಳ್ಳಗಿದೆ, ಕೇಳಿಸುತ್ತದೆ. ನೀನೂ ಒಂದು ಸಲ ಕೆಮ್ಮಿಬಿಡು ಮಗಳೇ.